ಗರಿಗೆ ಹಾಕಿದ ಕಲ್ಲುಪೀಠ

"ಏಳು ಹೊಸ್ತಿಲಿನ ಮನೆ ನಿನ್ನ ಕೈಲಿ ನಡೆಯೋದಲ್ಲ" ಎಂದು ಮೊದಲು ಹೇಳಿದವನು ಅವಳ ಅಣ್ಣ. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಕೆಟ್ಟ ಮನಸ್ಸಿನವರ ಮಾತಾಗಿದ್ದರೆ ತಳ್ಳಿಹಾಕಿ ಹೋಗಬಹುದಿತ್ತು. ಅವನು ಎಲೆಅಡಿಕೆ ಮೆಲ್ಲುತ್ತ, ಕಾಲು ಚಾಚಿಕೊಂಡು, ತಂಗಿಯ ಮೇಲಿನ ಅಕ್ಕರೆಯಿಂದಲೇ ಹೇಳಿದ.

"ನೋಡಮ್ಮ, ನೀನಿರೋಳು ಒಬ್ಬಳು. ಹಗ್ಗ ಹೊಸೆದು ಬದುಕೋಳಿಗೆ ಒಂದು ಹೊಸ್ತಿಲು ಸಾಕು. ಏಳು ಯಾಕೆ?"

"ಏಳು ಬೇಕು."

"ಅದೇ, ಯಾಕೆ ಅಂತ?"

"ನೀನು ಒಂದು ಸಾಕು ಅಂದೆಯಲ್ಲ, ಅದಕ್ಕೆ."

ಅವಳು ನಾರಿನ ಕಟ್ಟನ್ನು ಸೊಂಟಕ್ಕೆ ಸುತ್ತಿಕೊಂಡು ಹಗ್ಗ ಹೊಸೆಯುವವಳು. ಹೊಸೆದಷ್ಟೂ ಹಿಂದೆ ಹಿಂದೆ ನಡೆಯಬೇಕಾದ ಕೆಲಸ ಅದು. ಹಾಗೆ ಹಿಂದಕ್ಕೆ ನಡೆನಡೆದೇ ಅವಳು ಮುಂದೆ ಬಂದಳು. ಒಂದೊಂದೇ ಹೊಸ್ತಿಲಿನ ಮರ ಕೊಂಡಳು, ಗೋಡೆ ಎಬ್ಬಿಸಿದಳು, ಹೆಂಚು ಹೊದಿಸಿದಳು. ಅಕ್ಷರವನ್ನೂ ಅವಳಿಗೆ ಯಾರೂ ಹೇಳಿಕೊಟ್ಟವರಿಲ್ಲ. ಹಗ್ಗ ಮಾರಲು ಹೋದ ಮನೆಗಳ ಬಾಗಿಲ ಮೇಲೆ ಕೆತ್ತಿದ ಹೆಸರು ನೋಡಿ, ಆ ಹೆಸರು ಕೂಗಿದರೆ ಒಳಗಿನಿಂದ ಯಾರು ಓಗೊಡುತ್ತಾರೆ ಎಂದು ಕೇಳಿ, ಎರಡನ್ನೂ ಹೊಂದಿಸಿ ಹೊಂದಿಸಿ ಕಲಿತಳು. ಕೊನೆಗೆ ತನ್ನ ಹೆಸರನ್ನು ತಾನೇ ಕೆತ್ತಿ ತನ್ನ ಬಾಗಿಲಿಗೆ ಹೊಡೆದಳು. ಆಮೇಲೆ ಊರು ಅವಳನ್ನು ಒಡತಿ ಎಂದು ಕರೆಯಲೇಬೇಕಾಯಿತು.

ಆ ಊರಿನಲ್ಲಿ ಒಂದು ಕಟ್ಟಳೆ ಇತ್ತು. ಅಲ್ಲಿ ಯಾವ ಮನೆಗೂ ಅತಿಥಿ ಒಳಗೆ ಬರುವುದಿಲ್ಲ. ಬಂದ ಸುದ್ದಿ ಮಾತ್ರ ಒಳಗೆ ಬರುತ್ತದೆ. ಒಂದೊಂದು ಹೊಸ್ತಿಲಲ್ಲಿ ಒಬ್ಬೊಬ್ಬ ಪರಾಕಿನವ ನಿಂತಿರುತ್ತಾನೆ. ಹೊರಬಾಗಿಲಿಗೆ ಯಾರು ಬಂದರೂ, ಏನು ಬಂದರೂ, ಗಾಳಿಯೇ ಬಂದರೂ, ಮೊದಲನೆಯವನು ಎರಡನೆಯವನಿಗೆ ಕೂಗುತ್ತಾನೆ, ಎರಡನೆಯವನು ಮೂರನೆಯವನಿಗೆ. ಹೀಗೆ ಕೂಗು ಹೊಸ್ತಿಲಿಂದ ಹೊಸ್ತಿಲಿಗೆ ದಾಟಿ ಒಳಮನೆಯ ಚೌಕಕ್ಕೆ ಬಂದು ಮುಟ್ಟುತ್ತದೆ. ಚೌಕದಲ್ಲಿ ಕೂತವರು ಎದ್ದು, ಕೂಗಿನಲ್ಲಿ ಬಂದ ಬಿರುದಿಗೆ ತಕ್ಕ ಆಸನವನ್ನು ಹೊತ್ತು ತಂದು ಹಾಕಬೇಕು. ದಾರಿಹೋಕನೆಂದು ಕೂಗಿದರೆ ಹಲಸಿನ ಮಣೆ. ನೆಂಟನೆಂದರೆ ಬೆತ್ತದ ಪೀಠ. ಊರಗೌಡನೆಂದರೆ ತೇಗದ ಮಂಚ. ಚಕ್ರವರ್ತಿಯೆಂದರೆ ಕಲ್ಲುಪೀಠ. ಹಾಕಬೇಕು, ಒಂದು ಗಳಿಗೆ ಕಾಯಬೇಕು, ಮತ್ತೆ ಹೊತ್ತು ಒಳಗಿಡಬೇಕು. ಬೇರೆಯವರು ಕೈಹಚ್ಚುವಂತಿಲ್ಲ. ಒಲ್ಲೆ ಎನ್ನುವಂತಿಲ್ಲ; ಎನ್ನಲು ಬರುವುದೂ ಇಲ್ಲ, ಏಕೆಂದರೆ ಕೂಗು ಕಿವಿಗೆ ಬೀಳುವಷ್ಟರಲ್ಲಿ ಕೈ ತಾನಾಗಿ ಆಸನದ ಅಡಿಗೆ ಹೋಗಿರುತ್ತದೆ. ತಕ್ಕ ಆಸನ ಹಾಕಲು ಬಾರದವರು ಮನೆ ಬಿಡಬೇಕು, ಮನೆ ಒಡಹುಟ್ಟಿದವರಿಗೆ ಹೋಗಬೇಕು. ಇಷ್ಟೇ ಕಟ್ಟಳೆ.

ಉಳಿದವರ ಮನೆಗಳಲ್ಲಿ ಕಲ್ಲುಪೀಠ ಅಲುಗುವುದು ಜನ್ಮಕ್ಕೊಮ್ಮೆಯೋ ಎರಡು ಸಲವೋ. ಹೆರಿಗೆಯಾದಾಗ, ಮೂಳೆ ಮುರಿದಾಗ. ಮಿಕ್ಕ ದಿನಗಳಲ್ಲಿ ಅದು ಒಳಗೆ ಧೂಳು ತಿನ್ನುತ್ತ ಬಿದ್ದಿರುತ್ತದೆ, ಅದರ ಮೇಲೆ ಹಪ್ಪಳ ಒಣಗಿಸುವವರೂ ಉಂಟು.

ಒಡತಿಯ ಮನೆಗೆ ಹೆಂಚು ಹೊದಿಸಿದ ವರ್ಷ ನಿಜವಾದ ಚಕ್ರವರ್ತಿಗಳು ಬಂದರು. ಒಬ್ಬರಲ್ಲ, ಸಾಲುಸಾಲಾಗಿ. ಜ್ವರ ಬಂತು, ದಂಡಿನ ಸಮೇತ. ಬಿರುಗಾಳಿ ಬಂತು. ಅವಳ ತಾಯಿಯ ಸಾವು ಬಂತು. ಹಿಂದಿನ ಗೋಡೆ ಕುಸಿದು ಅವಳ ಬೆನ್ನಿನ ಮೇಲೆ ಬಂತು. ಪರಾಕಿನವರು ಗಂಟಲು ಕಿತ್ತುಹೋಗುವಂತೆ ಕೂಗಿದರು. ಕೂಗಿದ್ದು ಸರಿಯಾಗಿಯೇ ಇತ್ತು. ಒಡತಿ ಕಲ್ಲುಪೀಠ ಹೊತ್ತಳು, ಇಳಿಸಿದಳು, ಹೊತ್ತಳು, ಇಳಿಸಿದಳು. ವರ್ಷ ಕಳೆಯಿತು. ಜ್ವರ ಹೋಯಿತು, ಗೋಡೆ ಎದ್ದಿತು. ಚಕ್ರವರ್ತಿಗಳು ಬರುವುದು ನಿಂತಿತು.

ವರ್ಷ ಮುಗಿಯಿತು ಎಂದು ಪರಾಕಿನವರಿಗೆ ಯಾರೂ ಹೇಳಲಿಲ್ಲ.

ಗಾಳಿ ಬೀಸಿ ಬಾಗಿಲು ಸವರಿದರೆ ಒಳಗೆ "ಚಕ್ರವರ್ತಿ" ಎಂದು ಕೂಗು ಬಂತು. ಮಳೆಯ ಒಂದು ಹನಿ ಬಿದ್ದರೆ ಚಕ್ರವರ್ತಿ. ಸೆರಗು ತಾಗಿದರೆ ಚಕ್ರವರ್ತಿ. ಎದುರುಮನೆಯ ಹೆಂಗಸು ಪ್ರೀತಿಯಿಂದ ಕದದ ಮೇಲೆ ಕೈಯಿಟ್ಟರೆ ಚಕ್ರವರ್ತಿ, ಪಟ್ಟದಾನೆಯ ಸಮೇತ. ಒಡತಿ ಏಳುತ್ತಿದ್ದಳು. ಕಲ್ಲುಪೀಠ ಹೊರುತ್ತಿದ್ದಳು. ಹಾಕಿ, ಕಾದು, ಮತ್ತೆ ಹೊತ್ತು ಒಳಗಿಡುತ್ತಿದ್ದಳು. ಅಷ್ಟರಲ್ಲಿ ಇನ್ನೊಂದು ಹನಿ.

ಊರಿನವರು ನೋಡುವುದು ಹೊರಬಾಗಿಲನ್ನು. ಹೊರಗಿನವರು ಯಾರ ಮನೆಯ ಮೊದಲ ಹೊಸ್ತಿಲನ್ನೂ ದಾಟಬಾರದು ಎನ್ನುವುದು ಅಲ್ಲಿ ತಲೆತಲಾಂತರದ ರೂಢಿ. ಹಾಗಾಗಿ ಅವರಿಗೆ ಕಂಡದ್ದು ಇಷ್ಟು: ಒಂದು ಹನಿ ಬೀಳುತ್ತದೆ, ಒಳಗೆ ಒಬ್ಬ ಹೆಂಗಸು ಕಲ್ಲು ಎಳೆಯುತ್ತಾಳೆ. ಅವರಿಗೆ ಹೇಳಲು ಬೇಕಾದಷ್ಟಿತ್ತು.

"ನೋಡೋಕೆ ಗಟ್ಟಿಮುಟ್ಟಾಗೇ ಇದ್ದೀಯಲ್ಲ."

"ನಮ್ಮನೆ ಮೇಲೂ ಮಳೆ ಬೀಳುತ್ತೆ ಕಣೆ. ನಾವೂ ಮಣೆ ಹಾಕ್ತೀವಿ. ಹಿಂಗೆ ಊರಿಗೆಲ್ಲ ಕೇಳಿಸೋ ಹಂಗೆ ಎಳೆದಾಡ್ತೀವಾ?"

"ಏಳು ಹೊಸ್ತಿಲು ಅಂತ ಹಟ ಮಾಡಿದ್ದು ಯಾರು?"

"ಮನಸ್ಸು ಗಟ್ಟಿ ಮಾಡ್ಕೊಂಡರೆ ಕಲ್ಲು ಹಗುರಾಗುತ್ತೆ."

ಅವಳು ಮನಸ್ಸು ಗಟ್ಟಿ ಮಾಡಿಕೊಂಡಳು. ಕಲ್ಲು ಕಲ್ಲಿನಷ್ಟೇ ಭಾರವಿತ್ತು. ಅಣ್ಣ ವಾರಕ್ಕೊಂದು ಮದ್ದು ತಂದ. ಮೆಂತ್ಯ ನೆನೆಸಿದ ನೀರು ಕುಡಿ ಎಂದ, ಕುಡಿದಳು. ಮೆಂತ್ಯದ ನೀರೂ ಏಳು ಹೊಸ್ತಿಲು ದಾಟಿಯೇ ಬರಬೇಕಾದ್ದರಿಂದ ಅದಕ್ಕೂ ಒಂದು ಮಂಚ ಹೊತ್ತಳು.

"ಈಗ ಹೇಗಿದೆ?" ಎಂದು ಅಣ್ಣ ಹೊರಗೆ ನಿಂತು ಕೇಳಿದ.

"ನೀನು ಕೇಳಿದೆಯಲ್ಲ, ಅದಕ್ಕೂ ಎದ್ದು ಬಂದೆ" ಎಂದಳು ಅವಳು, ಮಂಚದ ಕಾಲು ಹಿಡಿದುಕೊಂಡು.

ದೂರು ಬೆಳೆಯಿತು. ಊರು ತನ್ನ ನೋಟಗಾರನನ್ನು ಕಳಿಸಿತು. ಮನೆಗಳು ನೆಟ್ಟಗಿವೆಯೇ, ಕಟ್ಟಳೆ ನಡೆಯುತ್ತಿದೆಯೇ ಎಂದು ನೋಡುವ ಅಧಿಕಾರ ಅವನದು. ಹಿತ್ತಾಳೆಯ ದೀಪ, ಗೋಡೆ ತಟ್ಟುವ ಬೆತ್ತ ಹಿಡಿದು ಬಂದ. ಹೊರಬಾಗಿಲಿನ ಕದ ತಟ್ಟಿದ, ಅಗಳಿ ಜಗ್ಗಿದ, ಗೋಡೆಗೆ ದೀಪ ಹಿಡಿದು ಬಿರುಕು ಹುಡುಕಿದ. ಒಂದೊಂದು ತಟ್ಟಿಗೂ ಒಳಗೆ ಕಲ್ಲು ಎಳೆಯುವ ಸದ್ದು ಬರುತ್ತಿತ್ತು. ಆ ಸದ್ದಿಗೆ ಅವನ ಏಕಾಗ್ರತೆ ಕೆಡುತ್ತಿತ್ತು, ಹುಬ್ಬು ಗಂಟಿಕ್ಕುತ್ತಿದ್ದ.

"ಕದ ಸರಿಯಿದೆ. ಅಗಳಿ ಸರಿಯಿದೆ. ಗೋಡೆಯಲ್ಲಿ ಒಂದು ಕೂದಲೆಳೆಯ ಬಿರುಕೂ ಇಲ್ಲ. ಸಂತೋಷಪಡಿ ತಾಯಿ, ನಿಮಗೇನೂ ಆಗಿಲ್ಲ."

"ಸ್ವಾಮಿ, ನನ್ನ ಗೋಡೆ ಸರಿಯಿಲ್ಲ ಅಂತ ನಾನು ಹೇಳಲೇ ಇಲ್ಲ. ಗೋಡೆ ನಾನೇ ಕಟ್ಟಿದ್ದು. ಗದ್ದಲ ಇರೋದು ಒಳಗೆ."

ನೋಟಗಾರ ಕಿಸೆಯಿಂದ ಒಂದು ಪಾರಿವಾಳದ ಗರಿ ತೆಗೆದು ಹೊರಬಾಗಿಲ ಮುಂದೆ ಬಿಟ್ಟ. ಅದು ಓಲಾಡಿಕೊಂಡು ಹೊಸ್ತಿಲ ಮೇಲೆ ಕೂತಿತು. ಸುತ್ತ ಕೂಡಿದ್ದ ಜನ ಕತ್ತು ಚಾಚಿ, ಸಾಲಾಗಿ ತೆರೆದ ಬಾಗಿಲುಗಳ ಮೂಲಕ ಒಳಗೆ ನೋಡಿದರು. ದೂರದ ಚೌಕದಲ್ಲಿ ಒಡತಿ ಎದ್ದಳು. ಬಗ್ಗಿದಳು. ಕಲ್ಲುಪೀಠವನ್ನು ಎದೆಗವಚಿಕೊಂಡು, ಒಂದೊಂದೇ ಹೆಜ್ಜೆ, ತಂದು ಇಳಿಸಿದಳು.

"ಗರಿಗೆ ಕಲ್ಲುಪೀಠ" ಎಂದ ನೋಟಗಾರ. ಜನ ನಕ್ಕರು. "ಹೊಂಗೆ ಚಿಗುರಿದ ಮೇಲೆ ಇನ್ನೊಮ್ಮೆ ಬರುತ್ತೇನೆ. ಆಗಲೂ ಹೀಗೇ ಆದರೆ ಮನೆ ನಿಮ್ಮಣ್ಣನಿಗೆ. ಅದು ಬೇಡವೆಂದರೆ ಹೊರಬಾಗಿಲಿಗೆ ಇಟ್ಟಿಗೆ ಕಟ್ಟಿಸಿಬಿಡಿ. ಏನೂ ಬರುವುದಿಲ್ಲ, ಏನನ್ನೂ ಹೊರುವುದಿಲ್ಲ."

"ಕೊನೆಮನೆಯವನು ಕಟ್ಟಿಸಿದ್ದನಲ್ಲ. ಹಿತ್ತಿಲಿಗೆ ಬೆಂಕಿ ಬಿದ್ದದ್ದೂ ಅವನಿಗೆ ಗೊತ್ತಾಗಲಿಲ್ಲ" ಎಂದಳು ಒಡತಿ.

"ಅದು ಬೇರೆ ವಿಷಯ" ಎಂದು ನೋಟಗಾರ ದೀಪ ಆರಿಸಿದ.

ಅಣ್ಣ ಹಿಂದೆ ಉಳಿದ. "ನನ್ನ ಮೇಲೆ ಸಿಟ್ಟಾಗಬೇಡ. ಮನೆ ನಾನು ಕೇಳಿದ್ದಲ್ಲ" ಎಂದ. ನಿಜ, ಅವನು ಕೇಳಿರಲಿಲ್ಲ. ಆದರೆ ಹೇಳುವಾಗ ಅವನ ಕಣ್ಣು ಹೆಂಚಿನ ಮೇಲೆ ಹರಿದಾಡಿದ್ದನ್ನು ಅವಳು ನೋಡಿದಳು.

ಅವನು ಹೋದ ಮೇಲೆ ಒಡತಿ ಆ ಊರಿನಲ್ಲಿ ಯಾವ ಒಡತಿಯೂ ಮಾಡದ ಕೆಲಸ ಮಾಡಿದಳು. ಚೌಕ ಬಿಟ್ಟು ಎದ್ದು, ಒಳಗಿನಿಂದ ಹೊರಕ್ಕೆ, ತನ್ನ ಪರಾಕಿನವರ ಬಳಿಗೆ ನಡೆದಳು. ಕೂಗು ಒಳಗೆ ಬರುವುದೇ ಹೊರತು ಒಡತಿ ಹೊರಗೆ ಹೋಗಿ ಕೂಗನ್ನು ವಿಚಾರಿಸುವ ಪದ್ಧತಿ ಇರಲಿಲ್ಲ.

ನೇರವಾಗಿ ಮೊದಲ ಹೊಸ್ತಿಲಿಗೆ ಹೋದಳು. ಅಲ್ಲಿನವನು ತೆಳ್ಳಗೆ, ಚೊಕ್ಕವಾಗಿ ನಿಂತಿದ್ದ.

"ಬೆಳಿಗ್ಗೆ ಏನು ಬಂತು?"

"ಗರಿ, ತಾಯಿ. ಗರಿ ಬಂತು ಅಂತಲೇ ಕೂಗಿದೆ."

ಎರಡನೆಯವನು ಹೇಳಿದ, "ಗರಿ ಅಂತ ಕೇಳಿಸಿತು. ಗರಿ ತಾನಾಗಿ ಬರುತ್ತಾ ತಾಯಿ? ಹಿಂದೆ ಹಕ್ಕಿ ಇರಲೇಬೇಕು. ಹಕ್ಕಿ ಅಂದೆ."

ಮೂರನೆಯವನು ಹೇಳಿದ, "ಹಕ್ಕಿ ಬಾಗಿಲಿಗೆ ಬಂದು ಬೀಳುತ್ತೆ ಅಂದರೆ ಬೇಟೆಗಾರ ಅಟ್ಟಿಸಿಕೊಂಡು ಬಂದಿರಬೇಕು. ಬೇಟೆಗಾರ ಅಂದೆ."

ನಾಲ್ಕನೆಯವನು ಹೇಳಿದ, "ಊರೊಳಗೆ ಬೇಟೆ ಆಡೋ ಧೈರ್ಯ ಅರಸನಿಗಲ್ಲದೆ ಯಾರಿಗಿದೆ? ಅರಸ ಅಂದೆ."

ಐದನೆಯವನು ಹೇಳಿದ, "ಅರಸ ಒಬ್ಬನೇ ಬರ್ತಾನಾ? ದಂಡು ಸೇರಿಸಿದೆ. ಅಷ್ಟು ದಂಡಿರೋನು ಬರೀ ಅರಸ ಆಗೋಕೆ ಸಾಧ್ಯವೇ? ಚಕ್ರವರ್ತಿ ಅಂದೆ."

ಆರನೆಯವನಿಗೆ ಕೂಗಿ ಕೂಗಿ ಕಿವಿ ಮಂದವಾಗಿತ್ತು. ತಾನು ಕೂಗಿದ್ದು ತನಗೇ ಕೇಳಿಸದೆ ಒಂದನ್ನೇ ಮತ್ತೆ ಮತ್ತೆ ಕೂಗುತ್ತಿದ್ದ. ಏಳನೆಯವನು ಅತಿಥಿ ಹೋದ ಮೇಲೂ ಕೂಗುತ್ತಿದ್ದ. ಅವಳು ಎದುರಿಗೆ ನಿಂತಿದ್ದಾಗಲೂ ಕೂಗುತ್ತಿದ್ದ. ಬೆಳಗಿನ ಗರಿಯ ಪರಾಕು ಅವನಲ್ಲಿ ಇನ್ನೂ ಮುಗಿದಿರಲಿಲ್ಲ.

ಅವರಲ್ಲಿ ಒಬ್ಬನೂ ಕಳ್ಳನಲ್ಲ, ಸೋಮಾರಿಯಲ್ಲ. ಅವಳಿಗೆ ರೇಗಿದ್ದು ಅದಕ್ಕೇ. ಒಬ್ಬೊಬ್ಬನೂ ತನ್ನ ಪಾಲಿಗೆ ಒಂದೊಂದು ಗೇಣು ಸೇರಿಸಿದ್ದ, ಅಷ್ಟೇ. ಒಬ್ಬೊಬ್ಬನ ಮಾತಿನಲ್ಲೂ ನ್ಯಾಯವಿತ್ತು. ಏಳು ನ್ಯಾಯ ಸೇರಿ ಒಂದು ಕಲ್ಲಾಗಿತ್ತು.

"ಮೆಲ್ಲಗೆ ಕೂಗ್ರೋ" ಎಂದಳು.

"ಮೆಲ್ಲಗೆ ಕೂಗಿ, ಆಮೇಲೆ ನಿಜವಾಗಿ ದೊಡ್ಡವರೇ ಬಂದಿದ್ದರೆ? ಗೋಡೆ ಬಿದ್ದ ದಿನ ನೆನಪಿಲ್ವಾ ತಾಯಿ?"

"ಆ ವರ್ಷ ಹೋಯಿತು."

"ಹೋಯಿತಾ?" ಎಂದ ನಾಲ್ಕನೆಯವನು, ನಂಬದ ಕಣ್ಣಿನಿಂದ. "ನಮಗೆ ಯಾರೂ ಹೇಳಲಿಲ್ಲ."

ಅವಳು ಗದರಿದಳು. ಗದರಿದ್ದೂ ಒಂದು ಸುದ್ದಿಯೇ ಆದ್ದರಿಂದ ಅದಕ್ಕೂ ಕೂಗೆದ್ದಿತು, ಓಡಿ ಹೋಗಿ ಕಲ್ಲು ಹೊರಬೇಕಾಯಿತು. ಇನ್ನೊಂದು ದಿನ ಐದನೆಯವನ ಬಾಯಿಗೆ ಬಟ್ಟೆ ತುರುಕಿದಳು. ಐದನೆಯವನು ಸುಮ್ಮನಾದದ್ದೇ ಅನಾಹುತದ ಗುರುತೆಂದು ಆರನೆಯವನು ಇಬ್ಬಿಬ್ಬರು ಚಕ್ರವರ್ತಿಗಳನ್ನು ಕೂಗಿದ. ಮತ್ತೊಂದು ದಿನ, ಕಲ್ಲಿಗೆ ಹೆದರುವವಳು ನಾನಲ್ಲ ಎಂದು ಬೆಳಗಿನಿಂದ ಸಂಜೆಯವರೆಗೆ ಹಗ್ಗ ಹೊಸೆದಳು, ಬಾವಿಯಿಂದ ಕೊಡ ಕೊಡ ನೀರು ಸೇದಿದಳು. ಮರುದಿನ ಪರಾಕಿನವರು ಬೆಳಕಾಗುವ ಮೊದಲೇ ಶುರು ಮಾಡಿದರು, ಒಂದು ವಾರ ಬಿಡಲಿಲ್ಲ.

ಸುಸ್ತಾಗಿ ಒಂದು ಮಧ್ಯಾಹ್ನ ಏಳನೆಯವನ ಹೊಸ್ತಿಲಲ್ಲೇ ಕುಸಿದು ಕೂತಳು.

"ನಿಮಗೆ ಗಂಟಲು ನೋಯೋದಿಲ್ವೇನೋ?"

"ಸುಟ್ಟುಹೋಗಿದೆ ತಾಯಿ. ಮೊದಲೆಲ್ಲ ಮಜ್ಜಿಗೆಯವಳು ಬರುತ್ತಿದ್ದಳು. ಒಬ್ಬೊಬ್ಬನಿಗೂ ಒಂದು ಲೋಟ ಕೊಟ್ಟು, ಗಂಟಲು ತಣ್ಣಗಾದ ಮೇಲೆ, ಇನ್ನು ಮೆಲ್ಲಗೆ ಕೂಗಪ್ಪ ಅನ್ನುತ್ತಿದ್ದಳು. ಆಯಮ್ಮ ಬಂದು ಎಷ್ಟು ಕಾಲವಾಯಿತೋ."

ಮಜ್ಜಿಗೆಯವಳು ಎಲ್ಲ ಮನೆಗಳಲ್ಲೂ ಇರುತ್ತಾಳೆ. ಹೊರಗಿನಿಂದ ಒಳಕ್ಕೆ ಬರುವುದು ಕೂಗಾದರೆ, ಒಳಗಿನಿಂದ ಹೊರಕ್ಕೆ ಹೋಗುವುದು ಅವಳೊಬ್ಬಳೇ. ಆದರೆ ಅವಳು ಸದ್ದು ಮಾಡುವವಳಲ್ಲ, ಹಾಗಾಗಿ ಇದ್ದಾಳೆಂಬುದೇ ಯಾರಿಗೂ ನೆನಪಿರುವುದಿಲ್ಲ. ಒಡತಿ ಹಿಂದಿನ ಅಡುಗೆಕೋಣೆಗೆ ಹೋದಳು. ಎಲ್ಲೋ ಬಿದ್ದು ನಿದ್ದೆ ಹೊಡೆಯುತ್ತಿರಬೇಕು, ಎಬ್ಬಿಸಿ ನಾಲ್ಕು ಮಾತು ಅನ್ನುತ್ತೇನೆ ಎಂದುಕೊಂಡೇ ಹೋದಳು.

ಮಜ್ಜಿಗೆಯವಳು ನೆಲದ ಮೇಲೆ ಕೂತು ಒಂದು ಹಾಲಿನ ಗಡಿಗೆಯನ್ನು ಎರಡೂ ಕೈಗಳಿಂದ ಅಪ್ಪಿ ಹಿಡಿದಿದ್ದಳು. ಅವಳ ಕೈ ಬತ್ತಿ ಕಡ್ಡಿಯಾಗಿತ್ತು. ಗಡಿಗೆಯಲ್ಲಿ ಹಾಲು ಹಾಲಾಗಿಯೂ ಇರಲಿಲ್ಲ, ಮೊಸರೂ ಆಗಿರಲಿಲ್ಲ; ನೀರು ನೀರಾಗಿ ಒಡೆದಿತ್ತು.

"ಏನೇ ಇದು? ಹೊರಗೆ ಅವರು ಗಂಟಲು ಹರ್ಕೊಳ್ತಿದಾರೆ, ನೀನಿಲ್ಲಿ ಗಡಿಗೆ ತಬ್ಬಿ ಕೂತಿದ್ದೀಯ."

"ಮೊಸರಿದ್ದರಲ್ಲವೇ ಮಜ್ಜಿಗೆ?" ಎಂದಳು ಆಕೆ, ಸಿಟ್ಟಿಲ್ಲದೆ. "ದಿನಾ ಹೆಪ್ಪು ಹಾಕ್ತೀನಿ. ಹೆಪ್ಪು ಹಾಕಿದ ಹಾಲು ರಾತ್ರಿಯೆಲ್ಲ ಅಲುಗಾಡಬಾರದು. ನಿನ್ನ ಮನೆಯಲ್ಲಿ ಯಾವ ರಾತ್ರಿ ನೆಲ ಅದುರಿಲ್ಲ ಹೇಳು. ನೀನು ಕಲ್ಲೆಳೀತೀಯ, ಗಡಿಗೆ ನಡುಗುತ್ತೆ, ಹಾಲು ಕಲಕುತ್ತೆ. ಹಿಡಿದುಕೊಂಡು ನೋಡಿದೆ. ನನ್ನ ಕೈಯೇ ನಡುಗುತ್ತೆ ಈಗ."

"ನಾನೇನು ಆಸೆಗೆ ಎಳೀತೀನಾ? ಕೂಗು ನಿಲ್ಲಲಿ, ಎಳೆಯೋದು ನಿಲ್ಲಿಸ್ತೀನಿ."

"ಮಜ್ಜಿಗೆ ಸಿಕ್ಕರೆ ಕೂಗು ನಿಲ್ಲುತ್ತೆ."

"ಮತ್ತೆ ಮಜ್ಜಿಗೆ ಮಾಡು."

"ನೀನು ಎಳೆಯೋದು ನಿಲ್ಲಿಸಿದರೆ ಮಾಡ್ತೀನಿ."

ಹೊರಗೆ ಏಳನೆಯವನು ಬೆಳಗಿನದನ್ನೇ ಇನ್ನೂ ಕೂಗುತ್ತಿದ್ದ. ಒಡತಿಗೆ ಗೋಡೆಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು. ಅದಕ್ಕೂ ಒಂದು ಪರಾಕು ಏಳುತ್ತದೆಂದು ಬಿಟ್ಟಳು.

ಆಮೇಲೆ ತಲೆಯೆತ್ತಿ ತೊಲೆ ನೋಡಿದಳು.

ಅವಳಿಗೆ ಗೊತ್ತಿದ್ದದ್ದು ಹಗ್ಗ. ನಾರು ತಂದು, ಕೂತಲ್ಲೇ, ನಾಲ್ಕು ಎಳೆ ಹೊಸೆದು ನಿಲ್ಲಿಸುವುದು, ಮತ್ತೆ ನಾಲ್ಕು ಎಳೆ ಹೊಸೆಯುವುದು, ಹೀಗೆ ಹಲವು ದಿನ ತೆಗೆದುಕೊಂಡು ಒಂದು ನೆಲುವು ಹೆಣೆದಳು. ಗಡಿಗೆಯನ್ನು ಅದರಲ್ಲಿ ಕೂರಿಸಿ ತೊಲೆಗೆ ತೂಗುಹಾಕಿದಳು. ನೆಲದ ನಡುಕ ಗೋಡೆ ಹತ್ತಿ, ತೊಲೆ ಹತ್ತಿ, ಹಗ್ಗ ಇಳಿದು ಗಡಿಗೆ ಸೇರುವಷ್ಟರಲ್ಲಿ ಸಣ್ಣದಾಗುತ್ತಿತ್ತು. ಕಲ್ಲುಪೀಠದ ಅಡಿಗೆ ಹುಲ್ಲು ಹಾಸಿದಳು. ಒಂದು ಬೆಳಿಗ್ಗೆ ಗಡಿಗೆಯ ಅಂಚಿನಲ್ಲಿ ಬೆರಳಗಲ ಮೊಸರು ಕೂತಿತ್ತು. ಮಜ್ಜಿಗೆಯವಳು ಅದಕ್ಕೆ ಅಷ್ಟು ನೀರು ಬೆರೆಸಿ, ಉಪ್ಪು ಹಾಕಿ, ಗೋಡೆ ಹಿಡಿದುಕೊಂಡು ಏಳನೆಯವನವರೆಗೆ ಮಾತ್ರ ನಡೆದಳು. ಅವನು ಕುಡಿದ. ಬಾಯಿ ಮುಚ್ಚಿದ. ಆ ದಿನ ಅತಿಥಿ ಹೋದ ಮೇಲೂ ಕೂಗುವುದೊಂದು ತಪ್ಪಿತು.

ಒಡತಿಯೂ ಅವಳ ಜೊತೆ ದಿನಾ ಒಂದು ಹೊಸ್ತಿಲಿನಷ್ಟು ದೂರ ನಡೆಯತೊಡಗಿದಳು. ಒಂದೇ ಹೊಸ್ತಿಲು. ಎರಡನೆಯದಕ್ಕೆ ಕಾಲು ಎತ್ತಿದರೆ ಆರನೆಯವನು ಎಚ್ಚೆತ್ತು ಗಂಟಲು ಸರಿಮಾಡಿಕೊಳ್ಳುತ್ತಿದ್ದ. ಹಟ ಹಿಡಿದು ಓಡಿದವಳಿಗೆ ಹೀಗೆ ಹೆಜ್ಜೆ ತಡೆದು ನಡೆಯುವುದು ಕಲ್ಲು ಹೊರುವುದಕ್ಕಿಂತ ಕಷ್ಟವಾಯಿತು. ಮೊಸರು ಕೆಲವು ದಿನ ಕೂತಿತು, ಕೆಲವು ದಿನ ಒಡೆಯಿತು. ಹೀಗಾದರೆ ಹೊಂಗೆ ಹೂ ಬಿಡುವಷ್ಟರಲ್ಲಿ ಐದನೆಯವನವರೆಗಾದರೂ ಮಜ್ಜಿಗೆ ಮುಟ್ಟೀತು ಎಂದುಕೊಂಡಳು.

ಹೊಂಗೆ ಚಿಗುರಿತು, ಇನ್ನೂ ಹೂ ಬಿಟ್ಟಿರಲಿಲ್ಲ. ನಾಳೆ ಬರುತ್ತೇನೆಂದು ನೋಟಗಾರ ಹೇಳಿಕಳಿಸಿದ. ಆ ಮಾತೇ ಏಳು ಬಾಯಿ ದಾಟಿ ಬಂತು. ಮನೆ ಹೋಗುತ್ತದೆಂಬ ಹೆದರಿಕೆ ಬಂತು, ಅದಕ್ಕೊಂದು ಕಲ್ಲು. ಹೆದರಬಾರದೆಂಬ ಹೆದರಿಕೆ ಬಂತು, ಅದಕ್ಕೊಂದು. ಬೆಳಗಾಗುವವರೆಗೆ ಎಳೆದಳು. ಮುಂಜಾನೆ ಮಜ್ಜಿಗೆಯವಳು ಗಡಿಗೆಯನ್ನು ಬಗ್ಗಿಸಿ ತೋರಿಸಿದಳು. ಹಾಲು ಒಡೆದು ನೀರಾಗಿತ್ತು. ಹೊಸ್ತಿಲುಗಳಲ್ಲಿ ಏಳೂ ಗಂಟಲು ಸುಡುತ್ತಿದ್ದವು.

ಇವತ್ತು ಗರಿ ಬಿದ್ದರೆ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು.

ನೋಟಗಾರ ಬಂದ. ಅಣ್ಣನೂ ಬಂದ, ಹೊಸ ಪಂಚೆ ಉಟ್ಟಿದ್ದ. ಜನ ಬಂದರು. ನೋಟಗಾರ ದೀಪ ಹಚ್ಚಿ ಕದ ನೋಡಿದ, ಅಗಳಿ ನೋಡಿದ, ಬೆತ್ತ ಎತ್ತಿದ.

"ತಟ್ಟಬೇಡಿ" ಎಂದಳು ಒಡತಿ. ಅವಳು ಮೊದಲ ಹೊಸ್ತಿಲವರೆಗೆ ಬಂದು ನಿಂತಿದ್ದಳು. ರಾತ್ರಿಯೆಲ್ಲ ಹೊತ್ತ ಮೈ, ಕದ ಹಿಡಿದುಕೊಂಡಿದ್ದಳು. "ಗೋಡೆ ಹೋದ ಸಲವೂ ಸರಿಯಿತ್ತು. ಒಳಗೆ ಬನ್ನಿ."

ಜನ ಗುಜುಗುಟ್ಟಿದರು. ನೋಟಗಾರ ಹಿಂದೆ ಸರಿದ. "ಮೊದಲ ಹೊಸ್ತಿಲು ದಾಟುವುದು ರೂಢಿಯಲ್ಲ."

"ಹೊರಗೆ ನಿಂತು ಒಳಗಿನ ಸಾರಿಗೆ ಉಪ್ಪು ಕಡಿಮೆ ಅಂತೀರಲ್ಲ, ಅದು ರೂಢಿಯೇ?"

"ನೋಡಮ್ಮ" ಎಂದು ಅಣ್ಣ ಮೆತ್ತಗೆ ಶುರು ಮಾಡಿದ.

"ನೀನು ಸುಮ್ಮನಿರಣ್ಣ. ಗರಿ ಇವತ್ತು ನೀನು ಹಾಕು. ಇವರು ಒಳಗೆ ಬಂದು ಚೌಕದಲ್ಲಿ ನನ್ನ ಜಾಗದಲ್ಲಿ ಕೂರಲಿ. ಕೂತು ಕೇಳಲಿ. ಆಮೇಲೆ ಮನೆ ನಿನಗೇ ಅಂದರೆ ಬೀಗದ ಕೈ ಕೊಟ್ಟು ಹೋಗ್ತೀನಿ. ಹೆದರಿಕೆಯಾದರೆ ಬೇಡ ಸ್ವಾಮಿ."

ಹೆದರಿಕೆ ಎಂಬ ಮಾತು ಇಷ್ಟು ಜನರ ಮುಂದೆ ಬಂದ ಮೇಲೆ ನೋಟಗಾರನಿಗೆ ದಾರಿಯಿರಲಿಲ್ಲ. ಪಂಚೆ ಎತ್ತಿಕಟ್ಟಿ, ಹೊಸ್ತಿಲು ದಾಟಿ, ಇಕ್ಕೆಲದಲ್ಲಿ ನಿಂತ ಪರಾಕಿನವರನ್ನು ಓರೆನೋಟದಲ್ಲಿ ನೋಡುತ್ತ ಒಳಗೆ ಹೋದ. ಚೌಕದಲ್ಲಿ ಕೂತ. ಒಡತಿ ಪಕ್ಕಕ್ಕೆ ಸರಿದು ಕಂಬಕ್ಕೆ ಒರಗಿದಳು. ಎಷ್ಟೋ ವರ್ಷಗಳಲ್ಲಿ ಮೊದಲ ಸಲ ಆ ಜಾಗದಲ್ಲಿ ಅವಳ ಬದಲು ಬೇರೊಬ್ಬರು ಕೂತಿದ್ದರು.

ಹೊರಗೆ ಅಣ್ಣ ಗರಿ ಬಿಟ್ಟ.

ಗರಿ ಎಂದಿತು ಮೊದಲ ಹೊಸ್ತಿಲು. ಹಕ್ಕಿ ಎಂದಿತು ಎರಡನೆಯದು. ಬೇಟೆಗಾರ. ಅರಸ. ಚಕ್ರವರ್ತಿ, ದಂಡು, ಆನೆ, ಕುದುರೆ. ಚಕ್ರವರ್ತಿ, ಚಕ್ರವರ್ತಿ, ಚಕ್ರವರ್ತಿ. ಕೂಗು ಚೌಕಕ್ಕೆ ಬಂದು ನೋಟಗಾರನ ನೆತ್ತಿಯ ಮೇಲೆ ಬಿತ್ತು. ಬೇಡವೆನ್ನಲು ಬಾಯಿ ತೆರೆದ. ಅಷ್ಟರಲ್ಲಿ ಕೈ ಕಲ್ಲಿನ ಅಡಿಗೆ ಹೋಗಿತ್ತು. ಎತ್ತಿದ. ಬೆನ್ನು ಲಟಕ್ಕೆಂದಿತು. ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ, ತಂದು ಇಳಿಸಿ, ಅದರ ಮೇಲೇ ಕೂತುಬಿಟ್ಟ.

"ಯಾರು ಬಂದದ್ದು?" ಎಂದ, ಉಸಿರು ಸಿಕ್ಕ ಮೇಲೆ.

"ಹೋಗಿ ನೋಡಿ."

"ಮೊದಲು ಇದನ್ನು ಒಳಗಿಡಬೇಕಲ್ಲ?"

"ಹೌದು, ಇಡಬೇಕು."

ಇಟ್ಟ. ಗೋಡೆ ಹಿಡಿದುಕೊಂಡು ಹೊರಗೆ ಬಂದ. ಒಡತಿ ಹಿಂದೆಯೇ ಬಂದಳು. ಅಣ್ಣ ಗರಿಯನ್ನು ಬೆರಳ ತುದಿಯಲ್ಲಿ ಎತ್ತಿ ತೋರಿಸಿದ. ನೋಟಗಾರ ಗರಿ ನೋಡಿದ, ತನ್ನ ಅಂಗೈ ನೋಡಿದ. ಅಂಗೈಯಲ್ಲಿ ಕಲ್ಲಿನ ಅಂಚು ಮೂಡಿತ್ತು.

"ನಾನು ಹೊತ್ತದ್ದು ಕಲ್ಲು" ಎಂದ. ಅಲ್ಲವೆಂದು ಯಾರೂ ಹೇಳಿರಲಿಲ್ಲ. ಮತ್ತೊಮ್ಮೆ ಹೇಳಿದ, "ಗರಿಯೇ ಇರಲಿ. ನಾನು ಹೊತ್ತದ್ದು ಕಲ್ಲೇ." ಆಮೇಲೆ ಒಡತಿಯ ಕಡೆ ತಿರುಗಿ, ಅಧಿಕಾರದ ದನಿ ಇನ್ನೂ ಬಿಟ್ಟುಹೋಗದೆ, "ಒಳಗೆ ಇಂಥ ಗದ್ದಲವಿದೆ ಅಂತ ಮೊದಲೇ ಹೇಳುವುದಕ್ಕೆ ಏನಾಗಿತ್ತು ತಾಯಿ?"

"ಹೇಳಿದೆ."

"ಯಾವಾಗ?"

"ನೀವು ಗೋಡೆ ತಟ್ಟುತ್ತಿದ್ದಿರಿ."

ನೋಟಗಾರ ಭುಜ ನೀವಿಕೊಂಡ. ಜನರ ಕಡೆ ತಿರುಗಿ ತೀರ್ಪು ಹೇಳಿದ: ಕಟ್ಟಳೆ ಇರುವುದು ಕೂಗಿನ ಬಿರುದಿಗೆ ತಕ್ಕ ಆಸನ ಹಾಕಬೇಕೆಂದು. ಒಳಗೆ ಬಂದ ಬಿರುದು ಚಕ್ರವರ್ತಿ. ಆಕೆ ಹಾಕಿದ್ದು ಕಲ್ಲುಪೀಠ. ತಪ್ಪಿಲ್ಲ. ಮನೆ ಆಕೆಯದು. ನಾವೆಲ್ಲ ಇಷ್ಟು ವರ್ಷ ಅತಿಥಿಗೆ ಆಸನವನ್ನು ಹೋಲಿಸಿ ನೋಡಿದೆವು, ಕೂಗನ್ನು ಕೇಳಲಿಲ್ಲ. ಇಷ್ಟು ಹೇಳಿ ಬೆತ್ತವನ್ನು ಊರುಗೋಲು ಮಾಡಿಕೊಂಡು ಹೊರಟ. ದೀಪ ಮರೆತು ಹೋದ.

ಜನ ಕರಗಿದರು. ಅಣ್ಣ ನಿಂತಿದ್ದ. ಬಹಳ ಹೊತ್ತು ಗರಿಯನ್ನು ಹಿಡಿದುಕೊಂಡೇ ಇದ್ದು, ಎಲ್ಲಿಡಬೇಕೆಂದು ತಿಳಿಯದೆ ಕಿಸೆಗೆ ಹಾಕಿಕೊಂಡ.

"ಒಳ್ಳೇದಾಯ್ತು ಬಿಡು" ಎಂದ. "ಇನ್ನು ವಾಸಿಯಾಯ್ತಲ್ಲ?"

ಒಡತಿ ಹೊಸ್ತಿಲ ಮೇಲೆ ಕೂತಳು.

"ಮನೆ ಉಳೀತು ಅಣ್ಣ. ವಾಸಿಯಾಯ್ತು ಅಂತ ಯಾರು ಹೇಳಿದರು?"

"ಅವರೇ ಒಪ್ಪಿದರಲ್ಲ."

"ಅವರು ಒಪ್ಪಿದ್ದು ಪರಾಕಿನವರಿಗೆ ಗೊತ್ತಿಲ್ಲ."

ಅವನು ತಲೆ ಕೆರೆದುಕೊಂಡ. ಬಾಯಿಯ ತುದಿಗೆ ಇನ್ನೊಂದು ಮದ್ದಿನ ಹೆಸರು ಬಂದಿತ್ತು; ಬಂದದ್ದು ಅವಳಿಗೆ ಕಂಡಿತು. ಆದರೆ ಅವನು ಅದನ್ನು ನುಂಗಿಕೊಂಡು, "ನಾನೇನಾದರೂ ಎತ್ತಿಕೊಡಬೇಕಾ?" ಎಂದು ಕೇಳಿದ.

"ಕಲ್ಲಿಗೆ ಬೇರೆಯವರು ಕೈಹಚ್ಚುವಂತಿಲ್ಲ."

"ಮತ್ತೇನು?"

ಬೇಡ ಎಂದು ನಾಲಿಗೆಯ ತುದಿಗೆ ಬಂದಿತ್ತು. ಹುಟ್ಟಿದಾಗಿನಿಂದ ಅವನಿಗೆ ಅವಳು ಹೇಳಿದ್ದು ಅದೊಂದೇ ಮಾತು. ರಾತ್ರಿಯೆಲ್ಲ ಕಲ್ಲು ಹೊತ್ತು ಅವಳ ತೋಳು ಕಿವಿಯ ಮಟ್ಟಕ್ಕೂ ಏಳುತ್ತಿರಲಿಲ್ಲ. ತೊಲೆ ಅದಕ್ಕಿಂತ ಎತ್ತರದಲ್ಲಿತ್ತು.

"ಸಂಜೆ ಬಾ" ಎಂದಳು. "ಒಂದು ಗಡಿಗೆ ಏರಿಸಿಕೊಡಬೇಕು. ಅಲುಗಾಡಿಸಬಾರದು."

ಸಂಜೆ ಬಂದ. ಹೊಸ್ತಿಲು ದಾಟುವಾಗ ಗೊಣಗಿದ, ಗಡಿಗೆ ಏರಿಸುವಾಗ ಗೊಣಗಿದ, ಗಂಟು ನೆಟ್ಟಗಿಲ್ಲವೆಂದ. ಮರುದಿನವೂ ಬಂದ.

ಈಗ ಮಜ್ಜಿಗೆ ಒಳ್ಳೆಯ ದಿನಗಳಲ್ಲಿ ನಾಲ್ಕನೆಯವನವರೆಗೆ ಮುಟ್ಟುತ್ತದೆ. ಅಂಥ ದಿನ ಗಾಳಿ ಬಂದರೆ ಬೆತ್ತದ ಪೀಠ ಸಾಕಾಗುತ್ತದೆ, ಒಮ್ಮೊಮ್ಮೆ ಮಣೆಯೇ ಸಾಕಾಗುತ್ತದೆ. ಹಾಲು ಒಡೆದ ದಿನ ಕಲ್ಲೇ. ಯಾವ ದಿನ ಯಾವುದೆಂದು ಹಿಂದಿನ ದಿನ ಗೊತ್ತಾಗುವುದಿಲ್ಲ. ಮೊದಲ ಮೂವರಿಗೆ ಮಜ್ಜಿಗೆ ಇನ್ನೂ ಸಿಕ್ಕಿಲ್ಲ.

ಏಳು ಹೊಸ್ತಿಲು, ಏಳು ಗಂಟಲು, ಒಂದು ಗಡಿಗೆ, ನಾಲ್ಕು ಬಗೆಯ ಆಸನ, ತೆರೆದೇ ಇರುವ ಒಂದು ಹೊರಬಾಗಿಲು. ಇಷ್ಟೂ ಅವಳದು. ಇದಕ್ಕೆ ಅವಳು ಕೊಟ್ಟದ್ದು ಬಾವಿಯ ಹಗ್ಗ ಹೊಸೆಯುತ್ತಿದ್ದ ತೋಳು. ಈಗ ತೊಟ್ಟಿಲಿನ ಹುರಿಗಿಂತ ದಪ್ಪದ್ದನ್ನು ಅವಳು ಹೊಸೆಯುವುದಿಲ್ಲ. ಕೊಟ್ಟದ್ದು ಯಾರ ಹಂಗೂ ಇಲ್ಲದೆ ಬದುಕಿದೆನೆಂಬ ಮಾತು. ಮತ್ತೆ, ಕಲ್ಲು ಕಲ್ಲೇ ಎಂದು ಊರನ್ನು ಒಪ್ಪಿಸಲು ಹೋದ ವರ್ಷಗಳು. ಅವನ್ನು ಯಾರೂ ವಾಪಸು ತಂದುಕೊಟ್ಟಿಲ್ಲ.